ಪ್ಲುಟೊ ಹೆಸರಿನ ದೋಣಿ

ಬೇಲೆಕೇರಿಯ ದೋಣಿಗಳಿಗೆ ಹೆಸರು ಬರೆಯುವ ಹುಲಿಯಾನ ಅಕ್ಷರ ಎಷ್ಟು ದಪ್ಪವೆಂದರೆ, ದೋಣಿ ಮುಳುಗಿದರೂ ಹೆಸರು ತೇಲುತ್ತದೆ ಎನ್ನುತ್ತಿದ್ದರು.

ಊರ ದೇವರ ಹೆಸರುಗಳೆಲ್ಲ ಖರ್ಚಾಗಿ, ಒಂದೇ ದೇವಿಯ ಹೆಸರಿಗೆ ಬಂದರದ ಅರ್ಧ ದೋಣಿಗಳು ಕಾದಾಡತೊಡಗಿದಾಗ ಅವನು ಶಾಲೆಯ ಗೋಡೆಯ ಗ್ರಹಪಟ ನೋಡಿದ. ಬುಧ, ಶುಕ್ರ, ಮಂಗಳ, ಗುರು ನಮ್ಮವರೇ, ಹೊಸತೇನಿಲ್ಲ. ಶನಿಯ ತಂಟೆ ಬೇಡ. ಭೂಮಿ ಎಂದು ಬರೆದರೆ ದೋಣಿ ನೆಲ ಹತ್ತೀತು. ಉಳಿದ ಮೂವರು ಪರದೇಶಿಗಳು. ‘ನೆಪ್ಚೂನ್’ ಎಂದು ಬರೆಸಿಕೊಂಡ ದೋಣಿಗೆ ಬಲೆ ಬಿಡುವ ಮೊದಲೇ ಬಂಗಡೆಗಳು ಜಿಗಿದು ಹತ್ತಿ ಕೂತವು. ‘ಯುರೇನಸ್’ಗೂ ಕೇಡಾಗಲಿಲ್ಲ. ೨೦೦೬ರ ಮಳೆಗಾಲದಲ್ಲಿ ಮಗ ಸಂಕೇತ ಕೆಲಸಕ್ಕೆ ಸೇರಿದ ಹೊಸ ದೋಣಿಗೆ ಉಳಿದದ್ದು ‘ಪ್ಲುಟೊ’. ನೂಲಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು, ಹೆಸರನ್ನು ಸಮುದ್ರಕ್ಕೆ ತೋರಿಸಿದ್ದಾಯಿತು. ಹಾಗೆ ತೋರಿಸಿದ ಮೇಲೆ ಅಳಿಸುವಂತಿಲ್ಲ. ಇಂಜಿನ್ ಕೂರಿಸುವುದೊಂದು ಬಾಕಿ.

ಆಗ ಶಾಲೆಯ ವನಮಾಲಾ ಅಕ್ಕೋರು ದಂಡೆಗೆ ಬಂದರು.

“ಹುಲಿಯಾ, ಇದ್ಯಾರ ಹೆಸ್ರು ಗೊತ್ತಿದ್ಯೇನಾ?”

“ಗ್ರಹದ್ದಲ್ವಾ ಅಕ್ಕೋರೆ?”

“ಗ್ರಹಗಳಿಗೆ ರೋಮಿನವ್ರ, ಗ್ರೀಕರ ದೇವ್ರ ಹೆಸ್ರು ಇಟ್ಟದ್ದು. ನೆಪ್ಚೂನ್ ಅಂದ್ರೆ ಸಮುದ್ರದಂವ. ಯುರೇನಸ್ ಆಕಾಶದಂವ. ಇಂವ ಸತ್ತವ್ರ ಲೋಕದ ದೊರೆ. ಅಷ್ಟು ದೂರದ ಕತ್ತಲಲ್ಲಿ ಸಿಕ್ಕಿತ್ತಲಾ, ಅದ್ಕೆ ಅವನ ಹೆಸ್ರು.”

“ಅಂದ್ರೆ... ಯಮನಾ?”

“ಹ್ಞೂಂ. ಬರೀ ಹೆಸ್ರು ಮಾರಾಯಾ, ತೆರೆದ ಬಾಯಿ ಮುಚ್ಚು.”

ಅದರ ಬೆನ್ನಿಗೇ ಪತ್ರಿಕೆಯಲ್ಲಿ ಬಂತು: ಪ್ಲುಟೊ ಇನ್ನು ಗ್ರಹವಲ್ಲ, ವಿಜ್ಞಾನಿಗಳು ಪಟ್ಟಿಯಿಂದ ತೆಗೆದರು. ದಂಡೆಯಲ್ಲಿ ನಗುವೋ ನಗು.

“ನಿನ್ನ ದೇವ್ರ ನೌಕ್ರಿ ಹೋಯ್ತಲಾ ಹುಲಿಯಾ!”

ಹುಲಿಯಾ ನಗಲಿಲ್ಲ. ಆಕಾಶದಲ್ಲಿ ಜಾಗ ಕಳಕೊಂಡವನು ಸುಮ್ಮನೆ ಕೂರುತ್ತಾನೆಯೇ? ಅವನ ಹೆಸರಿಗೆ ಈಗ ಉಳಿದ ಠಿಕಾಣಿ ಈ ದೋಣಿಯ ಮೂತಿಯೊಂದೇ.

ಇಂಜಿನ್ ಕೂತು ದೋಣಿ ಹೊರಡುವ ಬೆಳಿಗ್ಗೆ ಸಮುದ್ರ ಎಣ್ಣೆ ಸುರಿದಂತೆ ಅಲುಗದೆ ಬಿದ್ದಿತ್ತು. ಮೀನು ಕಂಡರೆ ಊರನ್ನೇ ತಲೆಮೇಲೆ ಹೊತ್ತುಕೊಳ್ಳುವ ಕಾಗೆಗಳೂ ಬಾಯಿ ಬಿಡಲಿಲ್ಲ.

“ನೀ ಹೋಗೂದು ಬ್ಯಾಡ,” ಎಂದು ಮಗನ ರಟ್ಟೆ ಹಿಡಿದ.

“ಬಣ್ಣದ ಡಬ್ಬಿಗೆ ಹೆದ್ರಿ ಮನೇಲಿ ಕೂತ್ರೆ ಜನ ನಗಾಡ್ತ್ರು, ಅಪ್ಪಾ,” ಎಂದು ಸಂಕೇತ ಕೊಸರಿಕೊಂಡು ಹತ್ತಿದ.

ಮೊಣಕಾಲು ನೀರಿಗೇ ತಲೆ ತಿರುಗುವ ಹುಲಿಯಾ ಪಂಚೆ ಎತ್ತಿ ಕಟ್ಟಿ ಹಿಂದೆಯೇ ಹತ್ತಿದ.

“ನೀ ಎಂತಕೆ?”

“ಹೆಸ್ರು ಹಿಡ್ದು ಕರ್ದಂವ ನಾನು. ಬಂದ್ರೆ ಮೊದ್ಲು ನನ್ನ ಮಾತಾಡಿಸ್ಲಿ.”

ದಡ ಮಸುಕಾಗುವಷ್ಟರಲ್ಲಿ ಪಡುವಣದಲ್ಲಿ ಮೋಡವೋ ಅಲೆಯೋ ತಿಳಿಯದ ಕಪ್ಪು ಗೆರೆಯೊಂದು ಎದ್ದಿತು. ಹುಲಿಯಾ ಮಗನನ್ನು ಹಿಂದಕ್ಕೆ ತಳ್ಳಿ, ಮೂತಿಯ ತುದಿಗೆ ಹೋಗಿ ಕುಳಿತ.