ಕರಣೆ ಎತ್ತಿದ ಕೈ

ರುದ್ರಪ್ಪ ಮೇಸ್ತ್ರಿ ನನಗೆ ಹೊಡೆಯಲೆಂದು ಕರಣೆ ಎತ್ತಲಿಲ್ಲ. ಎತ್ತಿದನೆಂದು ಪೊಲೀಸರಿಗೆ ನಾನು ಹೇಳಿದ್ದು ಸುಳ್ಳು.

ಆಯುಧಪೂಜೆಯ ಹಿಂದಿನ ದಿನ, ಸಂಜೆ ಐದೂವರೆ. ತರೀಕೆರೆಯ ನಮ್ಮ ಹಿತ್ತಿಲಲ್ಲಿದ್ದವರು ಮೂವರೇ—ನಾನು, ಹೆಂಡತಿ ಗಿರಿಜಾ, ಮೇಸ್ತ್ರಿ. ಅವನು ಕಟ್ಟಿದ ಕೋಣೆಯ ತಾರಸಿ ಸೋರುತ್ತಿತ್ತು. ಸರಿಮಾಡುವವರೆಗೂ ಕೊಡೆನೆಂದು ಅವನ ಸಾಮಾನನ್ನೆಲ್ಲ ಷೆಡ್ಡಿಗೆ ಹಾಕಿ ಬೀಗ ಜಡಿದಿದ್ದೆ. ರೈಲ್ವೆಯಲ್ಲಿ ದುಡಿದವನು ನಾನು, ನಿಯಮವೆಂದರೆ ನಿಯಮ. ನನ್ನ ಷೆಡ್ಡಿನಲ್ಲಿದ್ದ ಮಾತ್ರಕ್ಕೆ ಅವನ ಸಾಮಾನು ನನ್ನದಾಗುವುದಿಲ್ಲ—ಆ ನಿಯಮವೊಂದು ನೆನಪಾಗಲಿಲ್ಲ.

"ತಾರ್ಸಿ ಹಬ್ಬ ಕಳ್ದ್ಮೇಲೆ ಮಾಡ್ಕೊಡ್ತೀನಿ ಸಾ. ನಾಳೆ ಪೂಜೆಗೆ ಗಾರೆ ಕರಣೆ ಒಂದ್ ಕೊಡಿ. ನಮ್ಮಪ್ಪುಂದು ಅದು."

"ಪೂಜೆಗೆ ಬೇಕಾದ್ರೆ ಹೊಸದು ತಗೋ ಹೋಗು."

ಗಿರಿಜಾ ತಡೆಯಲಾರದೆ ಬೀಗ ತೆಗೆದಳು. ಅವನು ಕರಣೆ ಹುಡುಕಿ ತಂದು, ನನ್ನೆದುರೇ ಮೇಲೆತ್ತಿದ—ಕಣ್ಣಿಗೆ ಒತ್ತಿಕೊಳ್ಳಲು. ಅವನ ಕಣ್ಣು ಮುಚ್ಚಿತ್ತು. ನೋಡಿದೆ—ಹೊಡೆಯುವವನು ಕಣ್ಣು ಮುಚ್ಚುತ್ತಾನೆಯೇ? ಆದರೂ, ನನ್ನ ಮಾತು ಮೀರಿದರಲ್ಲ ಎಂಬ ಸಿಟ್ಟು... ಕೈಯಲ್ಲಿದ್ದ ಊರುಗೋಲನ್ನು ಅವನ ಮಣಿಕಟ್ಟಿಗೆ ಬೀಸಿದೆ. ಮೂಳೆ ಮುರಿಯಿತು, ಕರಣೆ ನೆಲಕ್ಕೆ ಬಿತ್ತು.

ಠಾಣೆಯಲ್ಲಿ ಆತ್ಮರಕ್ಷಣೆ ಎಂದೆ. ನನ್ನ ಮನೆ, ನನ್ನ ವಯಸ್ಸು, ಅವನ ಕೈಯಲ್ಲಿ ಕಬ್ಬಿಣ—ಎಲ್ಲರೂ ನಂಬಿದರು.

"ಅವ್ನು ಕಣ್ಣಿಗೊತ್ಕೋತಿದ್ದ ಕಣ್ರೀ," ಎಂದಳು ಗಿರಿಜಾ, ಮನೆಯಲ್ಲಿ.

"ನೀನು ಒಳಗಿರು," ಎಂದು ಗದರಿದೆ.

ರುದ್ರಪ್ಪ ಕೇಸಿಗೆ ಹೆದರಿ ರಾಜಿಗೆ ಒಪ್ಪಿದ. ಉಳಿದ ಸಾಮಾನು ಹಿಂತಿರುಗಿಸಿದೆ, ಕರಣೆ ಮಾತ್ರ ಕೊಡಲಿಲ್ಲ. ಯಜಮಾನರ ಮೇಲೇ ಕೈ ಎತ್ತಿದವನೆಂದು ಆಮೇಲೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅವನು ಅಜ್ಜಂಪುರದ ಅಣ್ಣನ ಮನೆ ಸೇರಿದ. ಪ್ರತಿ ಆಯುಧಪೂಜೆಗೂ ಗಿರಿಜಾ ಆ ಕರಣೆಗೆ ಕುಂಕುಮ ಇಡುತ್ತಾ ಬಂದಳು.

ನಾಳೆ ಮತ್ತೆ ಪೂಜೆ. ಇಂದು ಬೆಳಿಗ್ಗೆ ಕರಣೆ ತೊಳೆದು ಬಸ್ಸು ಹಿಡಿದೆ. ರುದ್ರಪ್ಪ ಅಣ್ಣನ ಅಂಗಡಿಯ ಮುಂದೆ ಕುಳಿತಿದ್ದ. ಗಿರಾಕಿಗಳೆಲ್ಲ ಕೇಳುವಂತೆ ಹೇಳಿದೆ: "ಇವನು ನನ್ನ ಮೇಲೆ ಕೈ ಎತ್ತಲಿಲ್ಲ. ನಾನೇ ಹೊಡೆದು ಸುಳ್ಳು ಹೇಳಿದೆ."

ಅವನು ಕರಣೆಯನ್ನು ಎಡಗೈಯಲ್ಲಿ ತೆಗೆದುಕೊಂಡ. ಬಲಗೈ ಮಣಿಕಟ್ಟು ಬಾಗುವುದಿಲ್ಲ.

"ಪೂಜೆಗಾಯ್ತು ಬಿಡಿ ಸಾ," ಎಂದ. "ಕೆಲ್ಸುಕ್ಕಾಗಲ್ಲ."

ಮಧ್ಯಾಹ್ನದ ಬಸ್ಸಿಗೆ ತರೀಕೆರೆಗೆ ವಾಪಸಾದೆ.

ಸಂಜೆ ಠಾಣೆಗೆ ಹೋಗಿ ಅದನ್ನೇ ಬರೆದುಕೊಟ್ಟೆ. ಜೊತೆಗೆ ಹೊರಟ ಗಿರಿಜಾಳಿಗೆ ಒಳಗಿರು ಎನ್ನಲಿಲ್ಲ. ಸಾಕ್ಷಿಯ ಜಾಗದಲ್ಲಿ ಅವಳೇ ಸಹಿ ಹಾಕಿದಳು. ಮನೆಗೆ ಬಂದು ಷೆಡ್ಡಿನ ಬೀಗ ತೆಗೆದಿಟ್ಟೆ.