ಸುತ್ತುಹರಿವು ಮತ್ತು ನಮ್ಮ ಮೇಡಂ

ಗಿಡಗಳು ಬೆಳಕನ್ನು ಆಹಾರವಾಗಿಸುವ ಬಗೆಯನ್ನು ಅರಿಯಲು ಬಾಳು ಸವೆಸಿದವರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರಿಗೆ ಮುಂಚೂಣಿಯ ಸ್ಥಾನವೇ ಸಲ್ಲುತ್ತದೆ. ಎಲೆಗೆ ಬೆಳಕು ತಾಗಿದೊಡನೆ ಅದರೊಳಗೆ ಎಲೆಕ್ಟ್ರಾನುಗಳು ಹರಿಯತೊಡಗುತ್ತವೆ. ನೇರವಾಗಿ ಹರಿದವು ಸಕ್ಕರೆ ಕಟ್ಟುವ ಕೆಲಸಕ್ಕೆ ಒದಗುತ್ತವೆ, ದಾರಿಯಲ್ಲಿ ಎಟಿಪಿ ಎಂಬ, ಶಕ್ತಿ ತುಂಬಿದ ಅಣುವನ್ನೂ ಹುಟ್ಟಿಸುತ್ತವೆ. ಆದರೆ ಆ ಎಟಿಪಿ ಸಾಲದೆ ಬರುತ್ತದೆ. ಆಗ ಕೆಲವು ಎಲೆಕ್ಟ್ರಾನುಗಳು ಮುಂದೆ ಹೋಗದೆ ಸುತ್ತು ಹಾಕಿ ಹಿಂದಿರುಗಿ, ಕೊರತೆ ಬಿದ್ದ ಎಟಿಪಿಯನ್ನಷ್ಟೇ ತುಂಬಿಕೊಡುತ್ತವೆ. ಇದೇ ಸುತ್ತುಹರಿವು.

ನಾನು ಸಂಶೋಧನೆಗೆ ಸೇರಿದ ಕಾಲಕ್ಕೆ ಮೇಡಂ ಅವರ ಖ್ಯಾತಿ ನಿಂತಿದ್ದುದು ಒಂದು ಮಾತಿನ ಮೇಲೆ: ಸುತ್ತುಹರಿವು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಗಿಡಕ್ಕೆ ನಷ್ಟವಿಲ್ಲ. ಅದನ್ನು ಪಠ್ಯಪುಸ್ತಕಗಳೂ ಒಪ್ಪಿದ್ದವು. ಸುತ್ತುಹರಿವು ಕೆಟ್ಟುಹೋದ, ಸಾಸಿವೆ ಜಾತಿಯ ಪುಟ್ಟ ಗಿಡದ ತಳಿಯೊಂದನ್ನು ನನ್ನ ಕೈಗಿತ್ತು, ಅದಕ್ಕೇನಾದರೂ ತೊಂದರೆಯಿದೆಯೇ ನೋಡೆಂದರು. ವರ್ಷಗಟ್ಟಲೆ ನೋಡಿದೆ. ಆ ಗಿಡ ನನಗಿಂತ ಆರೋಗ್ಯವಾಗಿತ್ತು. ಏನೂ ಆಗಿಲ್ಲ ಎಂಬುದಕ್ಕೆ ಪದವಿ ಕೊಡಲಾಗದೆಂದು ಸಮಿತಿಯವರು ಕಡ್ಡಿ ಮುರಿದಂತೆ ಹೇಳಿ, ಕೊನೆಯ ಗಡುವು ಕೊಟ್ಟರು. ಊರಿಗೆ ಬಂದುಬಿಡು ಎಂದು ಅಣ್ಣ ಆಗಲೇ ಹೇಳತೊಡಗಿದ್ದ.

ನಮ್ಮ ಗಿಡದ ಕೋಣೆಯ ದೀಪದ ಬೆಳಕು ಒಂದಿಷ್ಟೂ ಏರಿಳಿಯುತ್ತಿರಲಿಲ್ಲ. ಬಂದ ಅತಿಥಿಗಳಿಗೆಲ್ಲ ಅದನ್ನು ತೋರಿಸಿ ನಾವು ಬೀಗುತ್ತಿದ್ದೆವು. ಒಮ್ಮೆ ಆ ಕೋಣೆಗೆ ಬಣ್ಣ ಬಳಿಯಲು ಬಂದವರು ಗಿಡದ ತಟ್ಟೆಗಳನ್ನೆಲ್ಲ ಹೊತ್ತು ಹೊರಗಿನ ಕಾರಿಡಾರಿನ ಕಿಟಕಿಗೆ ಸಾಲಾಗಿ ಇಟ್ಟರು. ವಾರ ಕಳೆದು ನೋಡಿದರೆ ಸುತ್ತುಹರಿವಿಲ್ಲದ ನನ್ನ ಗಿಡಗಳು ಮಾತ್ರ ಬಿಳಿಚಿಕೊಂಡು ಮಲಗಿದ್ದವು. ಬಣ್ಣದ ವಾಸನೆಗೆ ಸತ್ತವೆಂದುಕೊಂಡು ಕಸದ ಬುಟ್ಟಿ ತಂದೆ.

ಮೇಡಂ ಬಂದು ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದರು. "ಪಕ್ಕದ ತಟ್ಟೆಯ ಮಾಮೂಲಿ ಗಿಡಗಳಿಗೆ ಮೂಗಿಲ್ವೇನೆ? ಅವು ಚೆನ್ನಾಗೇ ಇವೆಯಲ್ಲ."

ಆಮೇಲೆ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ನಿಂತರು. ಮೋಡ ಬಂದು ಹೋದ ಹಾಗೆ ತಟ್ಟೆಗಳ ಮೇಲೆ ಬಿಸಿಲು ಬೀಳುತ್ತಿತ್ತು, ಮಾಯವಾಗುತ್ತಿತ್ತು.

"ನಾವು ಇವನ್ನ ತೀರಾ ಮುದ್ದು ಮಾಡಿ ಸಾಕಿಬಿಟ್ವಿ ಕಣೆ," ಎಂದರು.

ಅವರ ಊಹೆ ಇದು: ಬೆಳಕು ಒಂದೇ ಸಮನಿದ್ದರೆ ಸುತ್ತುಹರಿವಿಲ್ಲದೆಯೂ ಗಿಡ ಹೇಗೋ ಸಂಭಾಳಿಸುತ್ತದೆ. ಬೆಳಕು ಏಕಾಏಕಿ ಏರಿದಾಗ ಎಲೆಕ್ಟ್ರಾನುಗಳ ನುಗ್ಗಾಟಕ್ಕೆ ಕಡಿವಾಣ ಹಾಕುವ ಸುತ್ತುಹರಿವೂ ಇಲ್ಲದೆ ಗಿಡ ಒಳಗೇ ಬೆಂದುಹೋಗುತ್ತದೆ. ಇದು ನಿಜವಾದರೆ ನನಗೆ ಪದವಿ ದಕ್ಕುತ್ತಿತ್ತು, ಅವರ ಹೆಸರಾಂತ ಮಾತು ಬಿದ್ದುಹೋಗುತ್ತಿತ್ತು. ಅವರಿಗದು ನನಗಿಂತ ಮೊದಲೇ ಹೊಳೆದಿತ್ತು. ಆದರೂ ದೀಪವನ್ನು ತಾನಾಗಿ ಏರಿಸಿ ಇಳಿಸುವ ಟೈಮರ್ ಬರುವ ತನಕ, ಹೊಸ ಗಿಡಗಳ ಮುಂದೆ ಸ್ಟೂಲಿನ ಮೇಲೆ ಕುಳಿತು ತಮ್ಮ ಕೈಯಾರೆ ಸ್ವಿಚ್ ಒತ್ತಿ, ಬೆಳಕನ್ನು ಏರಿಸಿ ಇಳಿಸುತ್ತ ನನ್ನ ಪಾಳಿಯನ್ನೂ ತಾವೇ ನೋಡಿಕೊಂಡರು. ಊಟದ ಡಬ್ಬಿ ತಂದ ಅವರ ಯಜಮಾನರು, "ಮನೇಲಿ ಬಚ್ಚಲಿನ ದೀಪ ಆರಿಸೋದು ಮಾತ್ರ ಇವಳಿಗೆ ನೆನಪಿರಲ್ಲ," ಎಂದು ನನ್ನೆದುರೇ ದೂರು ಕೊಟ್ಟರು.

ಸುತ್ತುಹರಿವಿಲ್ಲದ ಗಿಡಗಳು ಮತ್ತೆ ಸತ್ತವು. ಗಿಡ ಸತ್ತಿತೆಂದು ಮಿಠಾಯಿ ಹಂಚಿದವರು ನಾವಿಬ್ಬರೇ ಇರಬೇಕು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಹಾಗಾದ್ರೆ ನಿಮ್ಮ ಗುರುಗಳು ಇಷ್ಟು ವರ್ಷ ಹೇಳಿದ್ದು ತಪ್ಪು ಅಂತೀರಾ?" ನಾನು ಮೇಡಂ ಕಡೆ ತಿರುಗಿ ನೋಡಿದೆ. ಸಭೆಯ ಹಿಂದಿನ ಸಾಲಿನಿಂದ ಮೇಡಂ ದನಿ ಬಂತು: "ಹೌದು ಅನ್ನೇ. ಅದನ್ನ ಹೇಳೋಕೇ ತಾನೆ ಇಷ್ಟು ಜನಾನ ಕೂರಿಸಿರೋದು?" ಇಡೀ ಕೋಣೆ ನಕ್ಕಿತು. ಅವರ ನಗು ಎಲ್ಲರಿಗಿಂತ ಜೋರಾಗಿತ್ತು. ಮುಂದೆ ತಾವು ಬರೆದ ಪುಸ್ತಕದಿಂದ ಸುತ್ತುಹರಿವಿನ ಅಧ್ಯಾಯವನ್ನು ತೆಗೆದು, ಹೊಸದನ್ನು ನನ್ನಿಂದಲೇ ಬರೆಸಿದರು. ಅಷ್ಟು ದೊಡ್ಡ ಮನಸ್ಸನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಈಗ ನನ್ನದೇ ವಿದ್ಯಾರ್ಥಿನಿಯೊಬ್ಬಳು, ನನ್ನ ಪ್ರಬಂಧದ ಮುಖ್ಯ ತೀರ್ಮಾನ ಪಾಚಿಗಳಿಗೆ ಹೊಂದುವುದಿಲ್ಲವೆಂದು ತೋರಿಸುತ್ತಿದ್ದಾಳೆ. ಅವಳ ಲೆಕ್ಕವನ್ನು ಮೂರು ಬಾರಿ ತಿದ್ದಲು ಕುಳಿತೆ, ತಿದ್ದಲು ಏನೂ ಸಿಗಲಿಲ್ಲ. ನಿಜ ಹೇಳುತ್ತೇನೆ, ಒಂದಾದರೂ ತಪ್ಪು ಸಿಗಲೆಂದು ಇನ್ನೂ ಹುಡುಕುತ್ತಿದ್ದೇನೆ. ಮೇಡಂ, ತಮಗೆ ದೀರ್ಘಾಯುಷ್ಯವೂ ಕೈತುಂಬ ಕೆಲಸವೂ ಇರಲಿ ಎಂದು ಹಾರೈಸುವಾಗ ನನ್ನ ಸ್ವಾರ್ಥವೂ ಸೇರಿದೆ. ಅವಳ ಮೌಖಿಕ ಪರೀಕ್ಷೆಯ ದಿನ ದಯಮಾಡಿ ಬಂದು ನನ್ನ ಪಕ್ಕದಲ್ಲಿ ಕೂರಬೇಕು. ಅವಳು ಸರಿ ಎಂದು ಹೇಳಲು ನಾನು ತಡಮಾಡಿದರೆ, ಮೊಣಕೈಯಿಂದ ತಿವಿಯಬೇಕು.