ಸರಿಯಾಗಿ ಆರೇ ಸಲ

ತಿದ್ದಲು ಕುಳಿತ ಉತ್ತರ ಪತ್ರಿಕೆಗಳ ನಡುವೆ ಪೂರ್ತಿ ಖಾಲಿಯಿರುವ ಒಂದು ಸಿಕ್ಕಿದರೆ ಗಣಿತದ ಟೀಚರಿಗೆ ಏನನ್ನಿಸುತ್ತದೆ, ಬಲ್ಲಿರಾ? ಸಿಟ್ಟಲ್ಲ, ವರ್ಷವಿಡೀ ಆಡಿದ ಮಾತು ಯಾರಿಗೂ ತಲುಪಲಿಲ್ಲವೆಂಬ ನಾಚಿಕೆ. ಮಂಡೆಕೋಲು ಊರಿನ ಕಡೆಯ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ಸಫಿಯಾಳ ಪತ್ರಿಕೆ ಹಾಗಿತ್ತು. ಕೊನೆಯ ಪುಟದಲ್ಲಿ ಮಾತ್ರ ಒಂದು ಮೆಹಂದಿಯ ಹೂವು: ವೃತ್ತದೊಳಗೆ ಆರು ಎಸಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ನೆರೆಹೊರೆಯ ಮದುವೆಗಳಲ್ಲಿ ಮದುಮಗಳಿಗೆ ಮೆಹಂದಿ ಹಾಕುವವಳು ಅವಳೇ. ಲೆಕ್ಕ ತಲೆಗೆ ಹತ್ತುವುದಿಲ್ಲ, ಪಬ್ಲಿಕ್ ಪರೀಕ್ಷೆಗೆ ಕೂರುವುದೇ ಇಲ್ಲ ಎಂದು ತಾಯಿಗೆ ಹೇಳಿಬಿಟ್ಟಿದ್ದಳಂತೆ. ಮಧ್ಯಾಹ್ನದ ಬಿಡುವಿನಲ್ಲಿ ಕರೆದೆ.

"ಕೈವಾರ ಇಲ್ಲದೆ ಇದನ್ನು ಹೇಗೆ ಬಿಡಿಸಿದ್ದು ಮಾರಾಯ್ತಿ?"

ಬೈಗುಳ ನಿರೀಕ್ಷಿಸಿ ತಲೆ ತಗ್ಗಿಸಿ ನಿಂತಿದ್ದವಳು ಶಾಲಿನ ಅಂಚಿನಿಂದ ಒಂದು ನೂಲು ಎಳೆದಳು. ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದಕ್ಕೆ ಪೆನ್ಸಿಲು ಸುತ್ತಿ ವೃತ್ತ ಎಳೆದಳು.

"ಇದೇ ನೂಲನ್ನು ಎಳೆದು ಹಿಡಿದು ವೃತ್ತದ ಗೆರೆಯ ಮೇಲೆ ಗುರುತು ಹಾಕ್ತಾ ಹೋಗುದು ಟೀಚರ್. ಸರಿಯಾಗಿ ಆರು ಸಲ. ಉಳಿಯುದಿಲ್ಲ, ಸಾಲದೆಯೂ ಬರುದಿಲ್ಲ." ಕೊನೆಯ ಗುರುತು ಹಾಕಿ ಕೇಳಿದಳು, "ಆದ್ರೆ ಆರೇ ಯಾಕೆ?"

ಇಷ್ಟು ವರ್ಷ ಇದೇ ರಚನೆಯನ್ನು ಹಲಗೆಯ ಮೇಲೆ ಮಾಡಿ ತೋರಿಸಿದ್ದ ನನ್ನನ್ನು ಒಬ್ಬರೂ ಹಾಗೆ ಕೇಳಿರಲಿಲ್ಲ. ಗುರುತುಗಳನ್ನು ಒಂದಕ್ಕೊಂದು, ಮತ್ತೆ ಕೇಂದ್ರಕ್ಕೂ ಸೇರಿಸಲು ಹೇಳಿದೆ. ಆರು ತ್ರಿಭುಜಗಳಾದವು.

"ಎಲ್ಲ ಬದಿಯೂ ನೂಲಿನಷ್ಟೇ ಉಂಟು," ಎಂದವಳು ತಟ್ಟನೆ ಕಣ್ಣರಳಿಸಿದಳು. "ಹಾಗಾದ್ರೆ ಒಂದೊಂದು ಮೂಲೆಯೂ ಅರುವತ್ತು ಡಿಗ್ರಿ! ಆರು ಸೇರಿದ್ರೆ ಪೂರ್ತಿ ಸುತ್ತು!"

ನಾವು ಗಣಿತ, ಚಿತ್ರಕಲೆ, ವಿಜ್ಞಾನಗಳನ್ನು ಬೇರೆಬೇರೆ ಪಿರಿಯಡ್ಡುಗಳಲ್ಲಿ ಕೂಡಿಹಾಕಿ ನಡುನಡುವೆ ಗಂಟೆ ಬಾರಿಸುತ್ತೇವೆ. ಮಕ್ಕಳ ಬೆರಳುಗಳಿಗೆ ಆ ಗಂಟೆ ಕೇಳಿಸುವುದಿಲ್ಲ.

ಮರುದಿನ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವಳು ನೂಲು ಹಿಡಿದು ವೃತ್ತ ಎಳೆದು ಆರು ಗುರುತು ಹಾಕಿದಳು. ಮನೆಯಲ್ಲಿ ಜೇನುಪೆಟ್ಟಿಗೆಗಳಿರುವ ಹುಡುಗಿಯೊಬ್ಬಳು ಎದ್ದು, "ಜೇನಿನ ಎರಿಯ ಕೋಣೆಗೂ ಆರೇ ಬದಿ ಅಲ್ವಾ?" ಎಂದಳು. ಸಫಿಯಾ ನನ್ನತ್ತ ನೋಡಿದಳು. ನಾನು ಹಲಗೆಯತ್ತ ಕೈ ತೋರಿಸಿದೆ. ಅವಳು ಆರು ಬದಿಯ ಆಕೃತಿಗಳನ್ನು ಒಂದಕ್ಕೊಂದು ಒತ್ತಿ ಬರೆಯುತ್ತಾ ಹೋಗಿ, "ಎಲ್ಲಿಯೂ ಸಂದು ಬಿಡುದಿಲ್ಲ, ನೋಡಿ" ಎಂದಳು. ತರಗತಿಯೇ ಹಲಗೆಯ ಬಳಿಗೆ ಬಂತು.

ಪರೀಕ್ಷೆ ಬರೆದಳು, ಪಾಸಾದಳು; ಅಂಕ ದೊಡ್ಡದೇನಲ್ಲ. ಫಲಿತಾಂಶ ಬಂದ ಮೇಲೆ ಅವಳ ತಾಯಿ ಶಾಲೆಗೆ ಬಂದು ದೂರು ಹೇಳಿದರು: "ಈಗ ಮನೆಯಲ್ಲಿ ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಅಂತ ಕೇಳ್ತಾಳೆ ಟೀಚರೇ. ಎಂತ ಮಾಡುದು?"

ಆ ದೂರು ಕೇಳಿದಷ್ಟು ಸಂತೋಷ ನನಗೆ ಯಾವ ಅಂಕಪಟ್ಟಿ ನೋಡಿಯೂ ಆಗಿರಲಿಲ್ಲ.